ಸಮುದ್ರ ತೀರದ ಕ್ಯಾಂಪಿಂಗ್‌ಗೆ ನಾಯಿಯೂ ಬರುತ್ತಾ? ಊಟದ ಜಾಗ ಹುಡುಕುವುದು ಹೀಗೆ

ಸಮುದ್ರದ ಪಕ್ಕ ಟೆಂಟ್ ಹಾಕಿ ಮಲಗುವುದು ನಾಯಿಗೂ ಖುಷಿಯೇ. ತಲೆನೋವು ಶುರುವಾಗುವುದು ಒಲೆ ಹಚ್ಚಿ ಹಚ್ಚಿ ಬೇಜಾರಾಗಿ, ಇವತ್ತೊಂದಿನ ಹೊರಗೆ ಊಟ ಮಾಡೋಣ ಅನಿಸಿದಾಗ. ನಾಯಿಯನ್ನು ಟೆಂಟಿನಲ್ಲಿ ಒಂಟಿಯಾಗಿ ಬಿಟ್ಟು ಹೋಗಲು ಎಷ್ಟೋ ಕ್ಯಾಂಪ್‌ಗಳಲ್ಲಿ ಒಪ್ಪುವುದಿಲ್ಲ. ಕಾರಿನಲ್ಲಿ ಬಿಡುವುದಂತೂ ಬೇಡವೇ ಬೇಡ. ಹೊರಗೆ 24 ಡಿಗ್ರಿ ಅಷ್ಟೇ ಇದ್ದರೂ ಬಿಸಿಲಿಗೆ ನಿಂತ ಕಾರಿನ ಒಳಗೆ ಅರ್ಧ ಗಂಟೆಯಲ್ಲಿ 40 ಡಿಗ್ರಿ ಮುಟ್ಟಬಹುದು, ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿಟ್ಟರೂ ಹೆಚ್ಚೇನೂ ವ್ಯತ್ಯಾಸ ಆಗುವುದಿಲ್ಲ. ಅಂದಮೇಲೆ ನಾಯಿ ನಿಮ್ಮ ಜೊತೆಗೇ ಬರಬೇಕು, ಅದಕ್ಕೆ ತಕ್ಕ ಜಾಗ ಹುಡುಕಬೇಕು.

ಹೆಜ್ಜೆ 1: ಮನೆಯಿಂದ ಹೊರಡುವ ಮೊದಲೇ ಹುಡುಕಿ

ಗೂಗಲ್ ಮ್ಯಾಪ್ಸ್‌ನಲ್ಲಿ ಕ್ಯಾಂಪಿನ ಸುತ್ತಮುತ್ತ ಇರುವ ಹೋಟೆಲ್‌ಗಳನ್ನು ತೆರೆದು ನೋಡಿ. ಕೆಲವು ಕಡೆ ನಾಯಿಗೆ ಪ್ರವೇಶ ಇದೆ ಅಂತ ಅಲ್ಲೇ ಬರೆದಿರುತ್ತದೆ. ಅಷ್ಟಕ್ಕೇ ನಂಬಬೇಡಿ. ರಿವ್ಯೂಗಳಲ್ಲಿ 'ನಾಯಿ' ಅನ್ನುವ ಪದವನ್ನು ಹುಡುಕಿ, ಆ ಊರಿನ ಭಾಷೆಯಲ್ಲೂ ಒಮ್ಮೆ ಹುಡುಕಿ. ಹೊಸ ರಿವ್ಯೂಗಳನ್ನೇ ಮೊದಲು ಓದಿ, ಯಾಕೆಂದರೆ ಮಾಲೀಕರು ಬದಲಾದರೆ ನಿಯಮವೂ ಬದಲಾಗುತ್ತದೆ. ಹೋಟೆಲಿನವರೇ ಹಾಕಿದ ಫೋಟೋಗಿಂತ ಗಿರಾಕಿಗಳು ತೆಗೆದ ಫೋಟೋ ಜಾಸ್ತಿ ಹೇಳುತ್ತದೆ: ಬಾಗಿಲ ಪಕ್ಕ ನೀರಿನ ಬಟ್ಟಲು ಇದೆಯಾ, ಹೊರಗಿನ ಟೇಬಲ್‌ಗಳ ಮಧ್ಯೆ ಒಂದು ನಾಯಿ ಕಾಲು ಚಾಚಿ ಮಲಗುವಷ್ಟು ಜಾಗ ಇದೆಯಾ, ನೆರಳು ಬೀಳುತ್ತದಾ. ನಾಲ್ಕೈದು ಜಾಗ ಗುರುತು ಹಾಕಿಕೊಂಡು ಆ ಪ್ರದೇಶದ ಮ್ಯಾಪನ್ನು ಮೊಬೈಲಿಗೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಸಮುದ್ರದ ಅಂಚಿನಲ್ಲಿ ಎಲ್ಲ ಕಡೆ ಸಿಗ್ನಲ್ ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಹೆಜ್ಜೆ 2: ಫೋನ್ ಮಾಡಿ, ಸರಿಯಾದ ಪ್ರಶ್ನೆ ಕೇಳಿ

ಇದೇ ಎಲ್ಲಕ್ಕಿಂತ ಮುಖ್ಯ, ಎಷ್ಟೋ ಜನ ಬಿಟ್ಟುಬಿಡುವುದೂ ಇದನ್ನೇ. 'ನಾಯಿ ತರಬಹುದಾ' ಅಂತ ಸುಮ್ನೆ ಕೇಳಿದರೆ 'ಹೂಂ, ತನ್ನಿ' ಅನ್ನುತ್ತಾರೆ. ಹೋದಮೇಲೆ ಗೊತ್ತಾಗುತ್ತದೆ, ತರಬಹುದು ಅಂದದ್ದು ಹೊರಗಿನ ಎರಡು ಟೇಬಲ್‌ಗೆ ಮಾತ್ರ, ಅವೆರಡೂ ಸುಡುಬಿಸಿಲಲ್ಲಿವೆ ಅಂತ. ಹಾಗಾಗಿ ಬಿಡಿಸಿ ಕೇಳಿ. ಒಳಗೋ ಹೊರಗೋ? ಹೊರಗಾದರೆ ಮೇಲೆ ಸೂರು ಇದೆಯಾ, ಮಳೆ ಬಂದರೆ ನಮ್ಮನ್ನು ಎಲ್ಲಿ ಕೂರಿಸುತ್ತೀರಿ? ರಾತ್ರಿ ಊಟದ ಹೊತ್ತಿಗೂ ನಡೆಯುತ್ತದಾ, ಹಗಲು ಮಾತ್ರವಾ? ನಾಯಿ ಎಷ್ಟು ದೊಡ್ಡದು, ಎಷ್ಟು ನಾಯಿ ಅನ್ನುವುದನ್ನು ಅವರು ಕೇಳದಿದ್ದರೂ ನೀವೇ ಹೇಳಿಬಿಡಿ, 'ಚಿಕ್ಕದು ಅಂದ್ಕೊಂಡಿದ್ವಿ' ಅನ್ನುವ ಮಾತು ಬಾಗಿಲಲ್ಲಿ ನಿಂತಾಗ ಬರಬಾರದು ನೋಡಿ. ಮೂಲೆಯ ಟೇಬಲ್ ಕೊಡಿ ಅಂತಲೂ ಕೇಳಿ: ಓಡಾಡುವ ದಾರಿಯಿಂದ ದೂರ, ಅಡುಗೆಮನೆ ಬಾಗಿಲಿನಿಂದ ಇನ್ನೂ ದೂರ. ಮಾತಾಡಿದವರ ಹೆಸರು ಬರೆದಿಟ್ಟುಕೊಂಡರೆ ಅಲ್ಲಿ ಹೋದಾಗ ವಾದ ಮಾಡುವ ಪ್ರಸಂಗ ಬರುವುದಿಲ್ಲ.

ಹೆಜ್ಜೆ 3: ಅಲ್ಲಿಗೆ ಹೋದಮೇಲೆ ಇನ್ನೊಮ್ಮೆ ವಿಚಾರಿಸಿ

ಕ್ಯಾಂಪಿನ ಆಫೀಸಿನಲ್ಲಿ ಕೇಳಿ. ಅದಕ್ಕಿಂತ ಒಳ್ಳೆಯ ಮೂಲ, ಬೆಳಿಗ್ಗೆ ನಾಯಿ ಹಿಡಿದುಕೊಂಡು ವಾಕಿಂಗ್ ಬರುವವರು. ನಾಯಿ ಇರುವವರಿಗೆ ನಾಯಿ ಇರುವವರ ಜೊತೆ ಮಾತಾಡಲು ನೆಪವೇ ಬೇಕಿಲ್ಲ, ಅಲ್ವಾ? ಹೋಟೆಲಿಗೆ ಹೋಗುವ ದಾರಿಯನ್ನೂ ಕೇಳಿಕೊಳ್ಳಿ. ಕೆಲವು ಬೀಚ್‌ಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ನಾಯಿ ಬಿಡುವುದಿಲ್ಲ, ಮರಳಿನ ಮೇಲೆ ಐದು ನಿಮಿಷದ ದಾರಿ ಸುತ್ತುಬಳಸಿ ಅರ್ಧ ಗಂಟೆ ಆಗಬಹುದು.

ಹೆಜ್ಜೆ 4: ಹೊತ್ತು ನೋಡಿ ಹೊರಡಿ

ಜನ ಮುತ್ತಿಕೊಳ್ಳುವ ಹೊತ್ತಿಗಿಂತ ಒಂದು ಗಂಟೆ ಮೊದಲೇ ಹೋಗಿಬಿಡಿ. ಮಧ್ಯಾಹ್ನವಾದರೆ ಅಂಗೈಯ ಹಿಂಭಾಗವನ್ನು ಮರಳಿನ ಮೇಲೋ ರಸ್ತೆಯ ಮೇಲೋ 7 ಸೆಕೆಂಡ್ ಇಟ್ಟು ನೋಡಿ. ನಿಮ್ಮ ಕೈಗೆ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ.

ಹೊರಡುವ ಮೊದಲು ನಾಯಿಯನ್ನು ಚೆನ್ನಾಗಿ ಓಡಾಡಿಸಿ, ಮೂತ್ರ ಗೀತ್ರ ಎಲ್ಲ ಮುಗಿಸಿ. ಸಮುದ್ರಕ್ಕೆ ಇಳಿದಿದ್ದರೆ ಸಿಹಿನೀರಲ್ಲಿ ತೊಳೆದು ಒರೆಸಿ. ಒದ್ದೆ ನಾಯಿ ಮೈ ಕೊಡವಿದರೆ ಪಕ್ಕದ ಟೇಬಲ್‌ನವರ ತಟ್ಟೆಗೆ ಮರಳು ಬೀಳುವುದು ಗ್ಯಾರಂಟಿ. ಅದು ಆಡುತ್ತಾ ಆಡುತ್ತಾ ಉಪ್ಪುನೀರು ಕುಡಿದಿರಬಹುದು, ಅದರಿಂದ ವಾಂತಿ, ಭೇದಿ ಆಗುತ್ತದೆ, ಜಾಸ್ತಿ ಕುಡಿದರೆ ಜೀವಕ್ಕೇ ಅಪಾಯ. ಸಮುದ್ರದ ಹತ್ತಿರ ಇರುವಷ್ಟೂ ಹೊತ್ತು ಆಗಾಗ ಕುಡಿಯುವ ನೀರು ಕೊಡುತ್ತಿರಿ. ಹೊಟ್ಟೆ ಕೆಟ್ಟಂತೆ ಕಂಡರೆ ಅವತ್ತು ಹೋಟೆಲ್ ಬಿಟ್ಟುಬಿಡಿ.

ಹೆಜ್ಜೆ 5: ಟೇಬಲ್ ಹತ್ತಿರ

ಮೊದಲು ಒಬ್ಬರು ಒಳಗೆ ಹೋಗಿ ಮಾತಾಡಲಿ, ನಾಯಿ ಜೊತೆ ಇನ್ನೊಬ್ಬರು ಹೊರಗೆ ನಿಲ್ಲಲಿ. ಅದು ಟೆಂಟಿನಲ್ಲಿ ಮಲಗುವ ಬಟ್ಟೆಯನ್ನೇ ತಂದು ಟೇಬಲ್ ಕೆಳಗೆ ಹಾಸಿ. ತನ್ನ ವಾಸನೆ ಇರುವ ಬಟ್ಟೆ ಕಂಡರೆ ನಾಯಿ ಬೇಗ ಮಲಗುತ್ತದೆ. ಹಗ್ಗ ಗಿಡ್ಡ ಇರಲಿ, ಎಳೆದಷ್ಟೂ ಬಿಚ್ಚಿಕೊಳ್ಳುವ ಹಗ್ಗ ಇಲ್ಲಿ ಬೇಡ, ವೇಟರ್ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಕುರ್ಚಿಗೆ ಕಟ್ಟಬೇಡಿ. ಬೆಕ್ಕೊಂದು ಕಂಡರೆ ಸಾಕು, ಖಾಲಿ ಕುರ್ಚಿ ನಾಯಿ ಹಿಂದೆ ಧಡಧಡ ಅಂತ ಹೊರಡುತ್ತದೆ, ಆ ಸದ್ದಿಗೆ ಹೆದರಿ ನಾಯಿ ಇನ್ನೂ ಜೋರಾಗಿ ಓಡುತ್ತದೆ. ಹಗ್ಗವನ್ನು ನಿಮ್ಮ ಕಾಲಡಿ ಹಾಕಿ ಕೂರಿ.

ತಟ್ಟೆಯಿಂದ ಕೊಡುವ ಆಸೆ ಆಗುತ್ತದೆ, ಬೇಡ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚಬಹುದು. ಅದರ ಊಟವನ್ನು ಡಬ್ಬಿಯಲ್ಲಿ ನೀವೇ ತಂದಿರಿ, ಬಟ್ಟಲೂ ನಿಮ್ಮದೇ ಇರಲಿ. ನಾಯಿ ಬೊಗಳಲು ಶುರು ಮಾಡಿದರೆ ಕೂತಲ್ಲೇ ಗದರಿಸುತ್ತಾ ಇರುವುದಕ್ಕಿಂತ ಎದ್ದು ಹೊರಗೆ ಒಂದು ಸುತ್ತು ಹಾಕಿಸಿಕೊಂಡು ಬನ್ನಿ.

ಹೆಜ್ಜೆ 6: ಎಲ್ಲೂ ಜಾಗ ಸಿಗದಿದ್ದರೆ

ಪಾರ್ಸೆಲ್! ನಾಯಿಗೆ ಬಾಗಿಲು ಮುಚ್ಚಿದ ಹೋಟೆಲಿನ ಊಟವೇ ಎಲ್ಲಕ್ಕಿಂತ ರುಚಿ ಅಂತ ಜನ ಹೇಳುತ್ತಿದ್ದರೆ ಇದೇ ದಾರಿ. ಮೊದಲೇ ಫೋನಿನಲ್ಲಿ ಆರ್ಡರ್ ಹೇಳಿ, ಒಬ್ಬರು ಹೋಗಿ ತಂದರೆ ಸಾಕು. ತಿನ್ನುವಾಗ ಮಾತ್ರ ಪೊಟ್ಟಣಗಳನ್ನು ನಾಯಿಯ ಮೂತಿಗೆ ಎಟುಕದ ಎತ್ತರದಲ್ಲಿಟ್ಟುಕೊಳ್ಳಿ, ಖಾಲಿ ಕವರುಗಳನ್ನು ರಾತ್ರಿ ಟೆಂಟಿನ ಹೊರಗೆ ಬಿಡದೆ ಆಗಲೇ ಕಸದ ಡಬ್ಬಿಗೆ ಹಾಕಿ ಬನ್ನಿ.