ಅಡಿಕೆ ಹಾಳೆಯಲ್ಲಿ ಕಟ್ಟಿದ ಡಿಎನ್‌ಎ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಡಿಎನ್‌ಎ ಅಂದರೆ ಜೀವಕೋಶದೊಳಗೆ ಆನುವಂಶಿಕ ಮಾಹಿತಿ ಹೊತ್ತ ಉದ್ದನೆಯ ಅಣು. ತಿರುಚಿದ ಏಣಿಯ ಹಾಗಿರುತ್ತದೆ. ಎ, ಟಿ, ಜಿ, ಸಿ ಅದರ ಮೆಟ್ಟಿಲಿನ ಅಕ್ಷರಗಳು. ಈ ಪಾಠ ಬಂದಾಗೆಲ್ಲ ಮಕ್ಕಳು "ಎ ಜೊತೆ ಟಿ, ಜಿ ಜೊತೆ ಸಿ" ಅಂತ ಬಾಯಿಪಾಠ ಒಪ್ಪಿಸುತ್ತಿದ್ದರು. ಯಾಕೆ ಹಾಗೆ ಅಂತ ಕೇಳಿದರೆ ತಲೆ ತಗ್ಗಿಸುತ್ತಿದ್ದರು. ಡಿಎನ್‌ಎಯ ಕೆಲಸವೆಲ್ಲ ನಿಂತಿರುವುದೇ ಆ ಜೋಡಿಯ ಮೇಲೆ, ಅಲ್ವಾ? ನನಗೆ ಸಮಾಧಾನವೇ ಇರಲಿಲ್ಲ.

ಒಂದು ಭಾನುವಾರ ತೋಟದಿಂದ ಅಡಿಕೆ ಹಾಳೆ ತಂದು ನೆನೆಹಾಕಿದೆ. ಮೇಲೆ ಕಲ್ಲು ಹೇರಿ ಚಪ್ಪಟೆ ಮಾಡಿ, ಪಟ್ಟಿ ಕತ್ತರಿಸಿದೆ. ಅಡೆನಿನ್ (ಎ), ಗ್ವಾನಿನ್ (ಜಿ) ಅಣುಗಳಲ್ಲಿ ಎರಡು ಉಂಗುರ. ಅವಕ್ಕೆ 12 ಸೆಂ.ಮೀ. ಪಟ್ಟಿ. ಥೈಮಿನ್ (ಟಿ), ಸೈಟೊಸಿನ್‌ (ಸಿ)ಗಳಿಗೆ ಒಂದೇ ಉಂಗುರ. ಅವಕ್ಕೆ 8 ಸೆಂ.ಮೀ. ಆಮೇಲೆ ಏಣಿಯ ಎರಡು ಬದಿಗೆ ಎರಡು ತೆಂಗಿನ ನಾರಿನ ಹಗ್ಗ. ಪ್ರತಿ ಗಂಟೂ ಒಂದು ಸಕ್ಕರೆ, ಗಂಟಿನಿಂದ ಗಂಟಿಗೆ ಇರುವ ಹಗ್ಗ ಫಾಸ್ಫೇಟ್. ಒಂದು ಗಂಟು, ಒಂದು ತುಂಡು ಹಗ್ಗ, ಒಂದು ಹಾಳೆ ಪಟ್ಟಿ ಸೇರಿದರೆ ಒಂದು ನ್ಯೂಕ್ಲಿಯೊಟೈಡ್, ಅಂದರೆ ಡಿಎನ್‌ಎ ಎಳೆಯ ಒಂದು ಬಿಡಿ ಘಟಕ.

ಅಳತೆಯೂ ಸುಮ್ನೆ ಇಟ್ಟಿದ್ದಲ್ಲ. ಡಿಎನ್‌ಎ ಅಗಲ ಸುಮಾರು 2 ನ್ಯಾನೋಮೀಟರ್, ಮೆಟ್ಟಿಲಿನಿಂದ ಮೆಟ್ಟಿಲಿಗೆ 0.34. ನಾನು ಹಗ್ಗಗಳನ್ನು 20 ಸೆಂ.ಮೀ. ದೂರಕ್ಕೆ ಕಟ್ಟಿ, 3.4 ಸೆಂ.ಮೀ.ಗೊಂದು ಗಂಟು ಹಾಕಿದೆ. 10 ಕೋಟಿ ಪಟ್ಟು ದೊಡ್ಡದು. ನಮ್ಮ ಒಂದು ಜೀವಕೋಶದಲ್ಲಿ ಸುಮಾರು 2 ಮೀಟರ್ ಡಿಎನ್‌ಎ ಇದೆ. ಅದನ್ನು ಇದೇ ಅಳತೆಯಲ್ಲಿ ಕಟ್ಟಿದರೆ ಭೂಮಿಯನ್ನು ಐದು ಸುತ್ತು ಬಳಸಬಹುದು.

ತರಗತಿಯಲ್ಲಿ ನಿಯಮ ಹೇಳಲಿಲ್ಲ. "ಹಗ್ಗ ನೆಟ್ಟಗಿರಬೇಕು, ಪಟ್ಟಿ ಜೋಡಿಸಿ" ಅಂದೆ, ಅಷ್ಟೇ. ಎರಡು ಉದ್ದದ ಪಟ್ಟಿ ಇಟ್ಟಾಗ ಹಗ್ಗ ಹೊರಗೆ ಉಬ್ಬಿತು. ಎರಡು ಗಿಡ್ಡ ಇಟ್ಟಾಗ ತುದಿಗೆ ತುದಿ ಮುಟ್ಟಲೇ ಇಲ್ಲ. ಒಬ್ಬಳು ಎ ಎದುರು ಸಿ ಇಟ್ಟಳು. ಅಗಲವೇನೋ ಸರಿಹೋಯಿತು. ಆದರೆ ಎ, ಟಿ ತುದಿಗೆ ಎರಡೆರಡು ತೂತು ಕೊರೆದಿದ್ದೆ, ಜಿ, ಸಿ ತುದಿಗೆ ಮೂರು ಮೂರು. ಜೋಡಿಯನ್ನು ಹಿಡಿದಿಡುವ ಹೈಡ್ರೋಜನ್ ಬಂಧದ ಬದಲು ಬಾಳೆನಾರು ಪೋಣಿಸಿದಾಗ ಒಂದು ತೂತು ಖಾಲಿ ಉಳಿಯಿತು. "ಸಾರ್, ಇದಕ್ಕೆ ಸಿ ಅಲ್ಲ, ಟಿ" ಅಂತ ತಾನೇ ಬದಲಾಯಿಸಿದಳು. 1953ರಲ್ಲಿ ವಿಜ್ಞಾನಿ ಜೇಮ್ಸ್ ವಾಟ್ಸನ್ ಈ ಜೋಡಿ ಕಂಡುಕೊಂಡಿದ್ದೂ ರಟ್ಟಿನ ತುಂಡುಗಳನ್ನು ಮೇಜಿನ ಮೇಲೆ ಹೀಗೆ ಸರಿಸುತ್ತಲೇ. ಸುರುಳಿಯ ಅಳತೆಗೆ ವಿಜ್ಞಾನಿ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್-ರೇ ಕೆಲಸವೇ ಆಧಾರವಾಗಿತ್ತು. ಅವರ ಹೆಸರು ಹೇಳದೆ ನಾನು ಈ ಪಾಠ ಮುಗಿಸುವುದಿಲ್ಲ.

ಮೊದಲ ವರ್ಷ ಒಂದು ತಪ್ಪು ಮಾಡಿದ್ದೆ. ಎಳೆಯ ದಿಕ್ಕು ತೋರಿಸಲು ಹಗ್ಗಕ್ಕೆ ಹಾಕಿದ ಬಾಣದ ಗುರುತು ಎರಡರಲ್ಲೂ ಒಂದೇ ಕಡೆಗಿತ್ತು. ಡಿಎನ್‌ಎಯಲ್ಲಿ ಒಂದು ಎಳೆ ಮೇಲಕ್ಕೆ ಹೋದರೆ ಇನ್ನೊಂದು ಕೆಳಕ್ಕೆ. ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ.

ಹತ್ತು ಮೆಟ್ಟಿಲಿಗೆ ಒಂದು ಸುತ್ತು ತಿರುಚಿದ್ದಾಯಿತು. ಆಮೇಲೆ ಬಿಡಿಸಿ, ಎರಡೂ ಕಡೆಯಿಂದ ಎಳೆಯಿರಿ ಅಂದೆ. ಬಾಳೆನಾರು ಪಟಪಟ ಹರಿಯಿತು. ಹಗ್ಗ ಗಟ್ಟಿಯಾಗಿ ಉಳಿಯಿತು. ಹೈಡ್ರೋಜನ್ ಬಂಧ ಸಡಿಲ ಇರುವುದು ಇದಕ್ಕೇ. ನಡುವೆ ಬಿಚ್ಚಿಕೊಳ್ಳಬೇಕು, ಅಕ್ಷರಗಳ ಸಾಲು ಮಾತ್ರ ಕೆಡಬಾರದು. ಡಿಎನ್‌ಎ ನಕಲಾಗುವುದನ್ನು ತೋರಿಸಲು ಒಂದು ಗುಂಪಿಗೆ ಒಂದು ಹಗ್ಗ ಕೊಟ್ಟೆ, ಇನ್ನೊಂದಕ್ಕೆ ಇನ್ನೊಂದು. ಎದುರಿನ ಎಳೆ ಹೊಸದಾಗಿ ಕಟ್ಟಿ ಅಂದೆ. ಕಾಲು ಗಂಟೆಯಲ್ಲಿ ಎರಡು ಏಣಿ ಎದ್ದವು. ಪಕ್ಕಪಕ್ಕ ಇಟ್ಟು ಮೆಟ್ಟಿಲು ಮೆಟ್ಟಿಲಾಗಿ ಓದಿದೆವು. ಏಳನೆಯದರಲ್ಲಿ ಜಿ ಎದುರು ಟಿ ಕೂತಿತ್ತು. ಹಿಂದಿನ ಬೆಂಚಿನ ಹುಡುಗ ಎದ್ದು ಬಂದು, ನಾರು ಬಿಚ್ಚಿ, ಟಿ ತೆಗೆದು ಸಿ ಕಟ್ಟಿದ. ಜೀವಕೋಶದಲ್ಲೂ ಹೀಗೆ ತಪ್ಪು ತಿದ್ದುವ ಕಿಣ್ವಗಳಿವೆ ಅಂದೆ. "ಅವು ನೋಡದೆ ಬಿಟ್ಟರೆ?" ಅಂತ ಕೇಳಿದ. ಮಾರನೇ ದಿನದ ಪಾಠ ಅಲ್ಲಿಂದಲೇ ಶುರುವಾಯಿತು.