ಅಡಿಗೆಮನೆ ಟೈಲ್ಸ್ ಎಲ್ಲಿಯವರೆಗೆ? ಹಳೇ ಪೇಪರ್ ಅಂಟಿಸಿ ಕಂಡುಕೊಂಡ ಲೆಕ್ಕ

ದಾವಣಗೆರೆಯಲ್ಲಿ ಗಾರೆ ಕೆಲಸಕ್ಕೆ ಇಳಿದು ಇಪ್ಪತ್ತೆರಡು ವರ್ಷ ಆಯ್ತು, ಟೈಲ್ಸ್ ಹಿಡಿದು ಹದಿನಾರು. ಅಡಿಗೆಮನೆ ಗೋಡೆಗೆ ನಮ್ಮಲ್ಲಿ ಎರಡೇ ಲೆಕ್ಕ: ಕಟ್ಟೆ ಮೇಲೆ ಎರಡಡಿ, ಇಲ್ಲಾ ನಾಲ್ಕೂ ಗೋಡೆ ಸೀಲಿಂಗ್ ತನಕ. ಎರಡೂ ಸರಿಯಿಲ್ಲ ಅಂತ ಗೊತ್ತಾಗೋಕೆ ನನ್ನ ಜೇಬಿನ ದುಡ್ಡು ಹೋಗಬೇಕಾಯ್ತು.

ಅಕ್ಕನ ಮನೆಗೆ ಸೀಲಿಂಗ್ ತನಕ ಹಾಕಿದೆ. ನೋಡಿದವರೆಲ್ಲ ಹೊಗಳಿದರು. ಎರಡನೇ ಮಳೆಗಾಲಕ್ಕೆ ಪಕ್ಕದ ಕೋಣೆಯ ಗಿಲಾವು ಉಬ್ಬಿ ಉದುರಿತು. ಸಿಂಕಿನ ಹಿಂದೆ ಪೈಪಿನ ಜಾಯಿಂಟ್ ಸೋರ್ತಿತ್ತು. ಈ ಕಡೆ ಟೈಲ್ಸ್ ಇದ್ದದ್ದಕ್ಕೆ ತೇವ ಕಾಣಲಿಲ್ಲ, ನೀರೆಲ್ಲ ಆ ಕಡೆಗೇ ಹೋಗಿತ್ತು. ಮೂವತ್ತೈದು ನಲವತ್ತು ಟೈಲ್ಸ್ ಒಡೆದೆ. ಅದೇ ಡಿಸೈನ್ ಸಿಕ್ಕಿತು, ಆದರೆ ಬ್ಯಾಚ್ ಬೇರೆ, ಬಣ್ಣ ಕೂಡಲಿಲ್ಲ. ಒಂಬತ್ತು ಸಾವಿರದ ಹತ್ತಿರ ಕೈಯಿಂದ ಹೋಯ್ತು. ಅಕ್ಕ ಒಂದು ಮಾತೂ ಆಡಲಿಲ್ಲ, ನನಗೆ ಅದೇ ಹೆಚ್ಚು ಚುಚ್ಚಿತು.

ಆಮೇಲೆ ನಿಟ್ಟುವಳ್ಳಿಯ ಒಂದು ಮನೆಗೆ ಬರೀ ಎರಡಡಿ ಹಾಕಿದೆ. ನಮ್ಮೂರ ಮನೆಗಳಲ್ಲಿ ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ಕರಿಯೋದು ನಿಮಗೆ ಗೊತ್ತೇ ಇದೆ. ಆರು ತಿಂಗಳಿಗೆ ಆ ಮನೆಯ ಅಮ್ಮ ಕರೆಸಿ, "ಮೇಸ್ತ್ರಿ, ಇದನ್ನ ನೀವೇ ಒಂದ್ಸಲ ಒರೆಸಿ ನೋಡ್ರಿ" ಅಂದರು. ಟೈಲ್ಸಿಗಿಂತ ಮೇಲಿನ ಗೋಡೆಯ ಬಣ್ಣಕ್ಕೆ ಬೆರಳಿಟ್ಟರೆ ಜಿಗುಟು. ಒರೆಸೋಕೆ ಅಂತ ಅಲ್ಲಿದ್ದ ಕ್ಯಾಲೆಂಡರ್ ತೆಗೆದು ಕಿಟಕಿ ಬೆಳಕಿಗೆ ಹಿಡಿದೆ. ಎಣ್ಣೆ ಕುಡಿದ ಕಡೆ ಹಾಳೆ ಗಾಜಿನ ಹಾಗೆ ಆಗಿತ್ತು. ಒಲೆಯ ನೇರಕ್ಕೆ ಇರೋ ಅಂಚಿನಲ್ಲಿ ದಟ್ಟ, ಆಚೆ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಎಣ್ಣೆ ಎಲ್ಲಿತನಕ ಹಾರುತ್ತೆ ಅನ್ನೋದನ್ನ ಆ ಹಾಳೆಯೇ ಬರೆದಿಟ್ಟಿತ್ತು.

ಅಲ್ಲಿಂದ ಹಳೇ ಮನೆ ರಿಪೇರಿ ಬಂದರೆ ಮೊದಲು ಕಟ್ಟೆಯಿಂದ ಸೀಲಿಂಗ್ ತನಕ ಹಳೇ ಪೇಪರ್ ಟೇಪ್ ಹಾಕಿ ಅಂಟಿಸ್ತೀನಿ, ಪೆನ್ಸಿಲಿನಲ್ಲಿ ನಂಬರ್ ಬರೀತೀನಿ, ಒಂದು ತಿಂಗಳು ಅಡಿಗೆ ಮಾಡಿ ಅಂತೀನಿ. ಒಲೆ ಹತ್ತಿರದ ಹಾಳೆ ಗೋಡೆಗೆ ಪೂರ್ತಿ ಒತ್ತಿಕೊಂಡಿರಬೇಕು, ಇಲ್ಲಾಂದ್ರೆ ಬೆಂಕಿಯ ಭಯ. ಅಲ್ಲಿ ಹಾಳೆ ಬದಲು ದಪ್ಪ ರಟ್ಟು ವಾಸಿ, ಆದರೆ ಅದೂ ಉರಿಯೋದೇ, ಬೆಂಕಿ ತಾಗದ ಹಾಗೆ ನೋಡಿಕೊಳ್ಳಬೇಕು. ಜೊತೆಯ ಮೇಸ್ತ್ರಿಗಳು ನಕ್ಕರು. ಒಬ್ಬರು ಮನೆಯವರ ಎದುರಿಗೇ "ಇವನಿಗೆ ಕೆಲಸ ಇಲ್ಲ" ಅಂದರು, ಆ ಕೆಲಸ ಕೈತಪ್ಪಿತು.

ಏಳೆಂಟು ಮನೆ ಪೇಪರ್ ನೋಡಿದ ಮೇಲೆ ಒಂದು ವಿಷಯ ಗಟ್ಟಿಯಾಯ್ತು. ಎಣ್ಣೆ ಕಲೆ ನೇರ ಮೇಲಕ್ಕೆ ಹೋಗಲ್ಲ, ಎಕ್ಸಾಸ್ಟ್ ಫ್ಯಾನ್ ಕಡೆಗೆ ಓರೆಯಾಗಿ ಏರುತ್ತೆ. ಒಲೆ ಹಿಂದೆ ಸುಮಾರು ನಾಲ್ಕಡಿ ಎತ್ತರ, ಫ್ಯಾನ್ ಇಲ್ಲದ ಬದಿಗೆ ಒಂದೂವರೆ ಅಡಿ, ಫ್ಯಾನ್ ಬದಿಗೆ ಮೂರಡಿ. ಅದರಾಚೆ ಪೇಪರ್ ಹೊಸದರ ಹಾಗೇ ಇತ್ತು. ದಿನಾ ಜೋಳದ ರೊಟ್ಟಿ ಬಡಿಯೋ ಒಂದು ಮನೆಯಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಎಣ್ಣೆಗಿಂತ ಹಿಟ್ಟೇ ಹೆಚ್ಚು ಕೂತಿತ್ತು, ಕಟ್ಟೆಯ ಉದ್ದಕ್ಕೂ.

ಈಗ ನಾನು ಹಾಕೋದು ಹೀಗೆ: 12×24 ಇಂಚಿನ ಟೈಲ್ಸ್, ಉದ್ದ ಮೇಲಕ್ಕೆ ಬರೋ ಹಾಗೆ ನಿಲ್ಲಿಸಿ. ಕಟ್ಟೆ ಉದ್ದಕ್ಕೂ ಒಂದೇ ಸಾಲು, ಎರಡಡಿ, ಅಡ್ಡ ಕಟಿಂಗ್ ಇಲ್ಲ. ಒಲೆ ಹಿಂದೆ ಐದಡಿ ಅಗಲಕ್ಕೆ ಎರಡು ಸಾಲು, ಫ್ಯಾನ್ ಕಡೆಗೆ ಸರಿಸಿ. ಸಜ್ಜೆ (ಸಾಮಾನಿಡೋ ಅಟ್ಟ) ತನಕ ಉಳಿಯೋ ಮೂರಿಂಚಿಗೆ ಪಟ್ಟಿ. ನೆಲದ ಮೇಲೆ ಗ್ರೈಂಡರ್ ಇಡೋ ಮೂಲೆಗೆ ನಾಲ್ಕಡಿ. ಉಳಿದದ್ದಕ್ಕೆ ಬಣ್ಣ. ಸಿಂಕ್ ಹಿಂದೆ ಎರಡಡಿಗಿಂತ ಮೇಲೆ ಹೋಗಲ್ಲ, ತೇವ ಬಂದರೆ ಕಣ್ಣಿಗೆ ಬೀಳಲಿ ಅಂತ.

ಹತ್ತಕ್ಕೆ ಎಂಟರ ಅಡಿಗೆಮನೆಗೆ ಸೀಲಿಂಗ್ ತನಕ ಅಂದರೆ ಹೆಚ್ಚುಕಮ್ಮಿ 300 ಚದರಡಿ. ಟೈಲ್ಸ್, ಸಿಮೆಂಟು, ಕೂಲಿ ಸೇರಿ ಚದರಡಿಗೆ 95 ರೂಪಾಯಿ ಹಿಡಿದರೂ 28,000 ದಾಟುತ್ತೆ. ನನ್ನ ಲೆಕ್ಕಕ್ಕೆ 70 ಚದರಡಿ, ಅಂದರೆ ಏಳು ಬಾಕ್ಸ್, ಬಣ್ಣ ಸೇರಿ 11,000 ಆಸುಪಾಸು. ಕೂಲಿ ನನಗೂ ಕಡಿಮೆಯಾಯ್ತು, ನಿಜ. ಆದರೆ ಆ ಏಳೆಂಟು ಮನೆಯಿಂದ ಇನ್ನೂ ಹನ್ನೆರಡು ಮನೆ ಬಂದವು.

ನಡುವೆ ಒಲೆ ಹಿಂದೆ ಸ್ಟೀಲ್ ಶೀಟ್ ಹೊಡೆದೂ ನೋಡಿದೆ. ಮೂರೇ ತಿಂಗಳಿಗೆ ಗೀರು ಬಿತ್ತು, ಪಾತ್ರೆ ತಾಗಿದರೆ ಸದ್ದು, ಬಿಟ್ಟೆ. ಟೈಲ್ಸ್, ಎನಾಮಲ್ (ಆಯಿಲ್ ಪೇಂಟ್), ಎಮಲ್ಷನ್ (ನೀರಿನಲ್ಲಿ ಕಲಸೋ ಪೇಂಟ್) ಮೂರರ ಮೇಲೂ ಬಜ್ಜಿ ಎಣ್ಣೆ ಸವರಿ ವಾರ ಬಿಟ್ಟು ಸೀಗೆಪುಡಿಯಲ್ಲಿ ಉಜ್ಜಿದೆ. ಎಮಲ್ಷನ್‌ನಲ್ಲಿ ಕಲೆ ಉಳೀತು. ಎನಾಮಲ್ ಚೊಕ್ಕವಾಯ್ತು, ವರ್ಷದ ಮೇಲೆ ಸ್ವಲ್ಪ ಹಳದಿ ಬಂತು. ಅದಕ್ಕೇ ಟೈಲ್ಸ್ ಮುಗಿದ ಕಡೆಯಿಂದ ಮೇಲಕ್ಕೆ ಒಂದಡಿ ಎನಾಮಲ್ ಪಟ್ಟಿ, ಆಮೇಲೆ ಎಮಲ್ಷನ್.

ಹಳೇ ಆಯಿಲ್ ಪೇಂಟ್ ಗೋಡೆಯಾದರೆ ಚಿಪ್ಪಿಂಗ್ (ಸಿಮೆಂಟು ಹಿಡಿಯಲಿ ಅಂತ ಗೋಡೆಗೆ ಹಾಕೋ ಉಳಿ ಏಟು) ಒತ್ತೊತ್ತಾಗಿ ಬೀಳಲಿ. ಒಂದು ಗೃಹಪ್ರವೇಶದ ಅವಸರದಲ್ಲಿ ಗೇಣಿಗೊಂದು ಏಟು ಹಾಕಿ ಅಂಟಿಸಿದ್ದೆ. ತಟ್ಟಿದರೆ ಟೊಳ್ಳು, ಎರಡೇ ತಿಂಗಳಿಗೆ ಒಂದು ಸಾಲು ಕಟ್ಟೆ ಮೇಲೆ ಬಿತ್ತು. ಪುಣ್ಯಕ್ಕೆ ರಾತ್ರಿ ಹೊತ್ತು, ಒಲೆ ಮುಂದೆ ಯಾರೂ ಇರಲಿಲ್ಲ.

ಟೈಲ್ಸ್ ಮೇಲಂಚು ಬಣ್ಣಕ್ಕೆ ಕೂಡೋ ಕಡೆ ಧೂಳು ಕೂರದ ಹಾಗೆ ಹೇಗೆ ಮುಗಿಸ್ತೀನಿ, ಜಾಯಿಂಟಿಗೆ ಅರಿಶಿನ ಹಿಡೀದ ಹಾಗೆ ಏನು ಬೆರೆಸ್ತೀನಿ ಅನ್ನೋದನ್ನ ಇಲ್ಲಿ ಬರೆಯಲ್ಲ. ಅದು ನನ್ನ ಅನ್ನ. ಬಿಳಿ ಸಿಮೆಂಟ್ ಹಾಕಿ ಬೈಸಿಕೊಳ್ಳೋದಕ್ಕಿಂತ ಜಾಯಿಂಟಿಗೆ ತುಂಬೋ ಬೂದು ಬಣ್ಣದ ಗ್ರೌಟ್ ತಗೊಳ್ಳಿ, ಅಷ್ಟು ಹೇಳಬಲ್ಲೆ.

ಮೂರು ವರ್ಷದ ಹಿಂದೆ ಮಾಡಿದ ಮೊದಲ ಮನೆಗೆ ಹೋದ ತಿಂಗಳು ಹೋಗಿದ್ದೆ. ಫ್ಯಾನ್ ಕಡೆ ಓರೆ ಮೂಲೆಗೆ ಕೈ ಇಟ್ಟು ನೋಡಿದೆ, ಬೆರಳಿಗೆ ಏನೂ ಅಂಟಲಿಲ್ಲ. ಬ್ಯಾಚ್ ನಂಬರ್ ಬರೆದು ಸಜ್ಜೆ ಮೇಲೆ ಇಟ್ಟಿದ್ದ ಆರು ಟೈಲ್ಸ್ ಹಾಗೇ ಇವೆ.