ತಾರ್ ಬೇಟೆಯ ಬೆಟ್ಟಕ್ಕೆ ಎಷ್ಟು ಹಗುರದ ರೈಫಲ್ ಬೇಕು? ನನ್ನ ಅನುಭವ

ರೈಫಲ್‌ನ ತೂಕ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ. ಕೌಂಟರ್ ಮೇಲಿಂದ ಎತ್ತಿ ಭುಜಕ್ಕಿಟ್ಟು ನೋಡಿದರೆ ಎಲ್ಲವೂ ಹಗುರವೇ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ಓಹೌ ಸರೋವರದ ಆಚೆಗಿನ ಹಾಪ್‌ಕಿನ್ಸ್ ಕಣಿವೆಯಲ್ಲಿ, ಹೊಳೆ ದಂಡೆಯಿಂದ ಸಾವಿರ ಮೀಟರ್ ಏರು ಹತ್ತುವಾಗ ಮಾತ್ರ ಪ್ರತಿ ನೂರು ಗ್ರಾಮೂ ಲೆಕ್ಕಕ್ಕೆ ಬರುತ್ತದೆ. ನನ್ನ ಊರು ಸಕಲೇಶಪುರದ ಕಡೆ, ಈಗಿರುವುದು ಕ್ರೈಸ್ಟ್‌ಚರ್ಚ್‌ನಲ್ಲಿ. ಕೆಲವು ವರ್ಷಗಳಿಂದ ಚಳಿಗಾಲದಲ್ಲಿ ತಾರ್ ಬೇಟೆಗೆ ಹೋಗುತ್ತಿದ್ದೇನೆ. ಹಗುರದ ಬೋಲ್ಟ್ ಆಕ್ಷನ್ ರೈಫಲ್ ಬಗ್ಗೆ ಇಲ್ಲಿ ಹೇಳುವುದೆಲ್ಲ ಆ ಬೆಟ್ಟಗಳಲ್ಲಿ ಹೊತ್ತು ತಿರುಗಿ ಕಲಿತದ್ದು.

ತಾರ್ ಅಂದರೆ ಹಿಮಾಲಯದ ಕಾಡುಮೇಕೆ. ನಮ್ಮ ದೇಶದಲ್ಲಿ ರಕ್ಷಿತ ಪ್ರಾಣಿ, ಮುಟ್ಟುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಅಲ್ಲಿ ಅದರ ಶಿಕಾರಿಯ ಮಾತೇ ಇಲ್ಲ, ಇರಲೂಬಾರದು. ಇಲ್ಲಿಯ ಕಥೆ ಬೇರೆ. ಬಾವಲಿ ಬಿಟ್ಟರೆ ನೆಲದ ಮೇಲಿನ ಸಸ್ತನಿ ಯಾವುದೂ ಈ ದ್ವೀಪಗಳದ್ದಲ್ಲ. 1904ರಲ್ಲಿ ಮೌಂಟ್ ಕುಕ್ ಹತ್ತಿರ ತಂದುಬಿಟ್ಟ ತಾರ್‌ಗಳು ಇಲ್ಲಿಯ ಬೆಟ್ಟದ ಗಿಡಗಳನ್ನು ಬೇರು ಸಮೇತ ಮೇಯುತ್ತಾ ಬೆಳೆದವು. ಸರ್ಕಾರ 1993ರಲ್ಲಿ ಒಂದು ಯೋಜನೆ ಮಾಡಿ, ತಾರ್‌ಗಳು ಒಟ್ಟು 10,000ಕ್ಕಿಂತ ಜಾಸ್ತಿ ಇರಬಾರದು ಎಂದು ಮಿತಿ ಹಾಕಿತು. ಹಾಗಾಗಿ ಇಲ್ಲಿ ಬೇಟೆಗೆ ಪರವಾನಗಿ ಪತ್ರ ಉಚಿತ.

ಕೋವಿಯ ಲೈಸೆನ್ಸ್ ಮಾತ್ರ ಸುಮ್ನೆ ಸಿಗುವುದಿಲ್ಲ. ಸುರಕ್ಷತೆಯ ಕೋರ್ಸು, ಪರೀಕ್ಷೆ, ಮನೆಯವರ ಜೊತೆಗೂ ಹೊರಗಿನ ಒಬ್ಬ ಪರಿಚಯದವರ ಜೊತೆಗೂ ಮಾತುಕತೆ, ಮನೆಗೆ ಬಂದು ಕೋವಿ ಇಡುವ ಬೀರು ನೋಡಿಕೊಂಡು ಹೋಗುವುದು, ಎಲ್ಲ ಇದೆ. 2023ರ ಜೂನ್‌ನಿಂದ ಕೋವಿಗಳ ನೋಂದಣಿಯೂ ಶುರುವಾಗಿದೆ. ಇಷ್ಟು ಬಿಗಿ ಇರುವುದು ನನಗೆ ಸರಿ ಅನ್ನಿಸುತ್ತದೆ.

ಬೋಲ್ಟ್ ಆಕ್ಷನ್ ಅಂದರೆ ಪ್ರತಿ ಈಡಿಗೂ ಕೈಯಿಂದಲೇ ಬೋಲ್ಟ್‌ನ (ಅಗುಳಿಯ) ಹಿಡಿ ಎತ್ತಿ, ಹಿಂದೆ ಎಳೆದು, ಖಾಲಿ ತೋಟಾ ಹೊರಹಾಕಿ, ಮುಂದೆ ತಳ್ಳಿ ಮುಚ್ಚುವ ರೈಫಲ್. ಒಳಗೆ ಚಲಿಸುವ ಭಾಗ ಕಡಿಮೆ, ಬೀಗ ಗಟ್ಟಿ. ರಾತ್ರಿ ಬೆಟ್ಟದ ಗುಡಿಸಲಿಗೆ ಬಂದಾಗ ಬೋಲ್ಟ್ ಹೊರಗೆಳೆದು ಜೇಬಿಗೆ ಹಾಕಿಕೊಂಡರೆ ಆಯಿತು, ಉಳಿದದ್ದು ಬರೀ ಕೊಳವೆ. ನಾಲ್ಕಾರು ಅಪರಿಚಿತರು ಒಂದೇ ಸೂರಿನಡಿ ಮಲಗುವ ಕಡೆ ಇದು ದೊಡ್ಡ ನೆಮ್ಮದಿ.

ನನ್ನದು ಟಿಕ್ಕಾ ಟಿ3ಎಕ್ಸ್ ಲೈಟ್, ಸ್ಟೇನ್‌ಲೆಸ್. ಫಿನ್ಲೆಂಡಿನ ಸಾಕೋ ಕಾರ್ಖಾನೆಯದು. 2003ರಲ್ಲಿ ಬಂದ ಟಿ3 ರೈಫಲ್ಲನ್ನು 2016ರಲ್ಲಿ ಸುಧಾರಿಸಿ ಟಿ3ಎಕ್ಸ್ ಮಾಡಿದರು. ತೋಟಾ 7 ಎಂಎಂ-08. ಇದು .308 ಎಂಬ ತೋಟಾದ ಕತ್ತು ಕಿರಿದು ಮಾಡಿ ರೆಮಿಂಗ್ಟನ್ ಕಂಪನಿ 1980ರಲ್ಲಿ ತಂದದ್ದು. ಹೊಡೆದಾಗ ಭುಜಕ್ಕೆ ಬೀಳುವ ಒದೆ ಮಿತವಾಗಿದೆ, ದೂರಕ್ಕೂ ಸೈ. ಬರೀ ರೈಫಲ್ ಸುಮಾರು 2.8 ಕಿಲೋ ತೂಗುತ್ತದೆ. ಇದಕ್ಕಿಂತ ಹಗುರದವು ಬೇಕಾದಷ್ಟಿವೆ. ಕಿಂಬರ್ ಮೊಂಟಾನಾ 2.3 ಕಿಲೋದ ಆಸುಪಾಸು. ಆದರೂ ನಾನು ಇದನ್ನೇ ಆರಿಸಿದೆ. ಅದಕ್ಕೆ ಕಾರಣ ನಳಿಗೆ. ಲೈಟ್ ಎಂಬ ಹೆಸರಿದ್ದರೂ ಇದರ ನಳಿಗೆ ಕಡ್ಡಿಯ ಹಾಗೆ ತೆಳುವಾಗಿಲ್ಲ. ತೂಕ ಉಳಿಸಿರುವುದು ಪ್ಲಾಸ್ಟಿಕ್ ಸ್ಟಾಕ್‌ನಲ್ಲಿ (ನಳಿಗೆ ಕೂರುವ, ಭುಜಕ್ಕಿಡುವ ಭಾಗ), ತೋಟಾ ತುಂಬುವ ಪ್ಲಾಸ್ಟಿಕ್ ಮ್ಯಾಗಜೀನ್‌ನಲ್ಲಿ. ಕೆಲವರಿಗೆ ಆ ಪ್ಲಾಸ್ಟಿಕ್ ನೋಡಿದರೆ ಸಿಟ್ಟು ಬರುತ್ತದೆ. ಮರದ ಸ್ಟಾಕ್‌ನ ಚೆಂದ ನನಗೂ ಗೊತ್ತು, ಅಪ್ಪಯ್ಯನ ಜೋಡುನಳಿಗೆ ಕೋವಿಯ ಪಕ್ಕದಲ್ಲೇ ಬೆಳೆದವನು. ಆದರೆ ಹಿಮದಲ್ಲಿ ನೆನೆದು ಒಲೆಯ ಪಕ್ಕ ಒಣಗುವ ಮರ ಸೊಟ್ಟಗಾಗುತ್ತದೆ. ಅದು ನಳಿಗೆಗೆ ತಾಗಿದರೆ ಗುರಿಯೂ ಸರಿಯುತ್ತದೆ. ಪ್ಲಾಸ್ಟಿಕ್‌ಗೆ ಆ ಕಾಟ ಇಲ್ಲ.

ಕೊಳ್ಳುವವರಿಗೆ ನಾನು ಮೊದಲು ಹೇಳುವುದು, ಡಬ್ಬಿಯ ಮೇಲಿನ ತೂಕ ನೋಡಬೇಡಿ, ಬೆಟ್ಟಕ್ಕೆ ಹೊರುವ ಒಟ್ಟು ತೂಕ ನೋಡಿ. ನನ್ನ ಲೆಕ್ಕ ಹೀಗಿದೆ. 57 ಸೆಂ.ಮೀ. ಇದ್ದ ನಳಿಗೆಯನ್ನು ಗನ್‌ಸ್ಮಿತ್ ಹತ್ತಿರ 46ಕ್ಕೆ ಕತ್ತರಿಸಿ, ತುದಿಗೆ ತಿರುಪಿನ ಮರೆ (ಥ್ರೆಡ್) ಕೊರೆಸಿದೆ. ಅದಕ್ಕೆ 300 ಗ್ರಾಂನ ಸಪ್ರೆಸರ್, ಅಂದರೆ ಸದ್ದು ತಗ್ಗಿಸುವ ಸಾಧನ. ಇಲ್ಲಿ ಅದು ಮಾಮೂಲಿ ವಸ್ತು, ಬೇರೆ ಅನುಮತಿ ಬೇಡ. ಗುರಿ ನೋಡುವ ದುರ್ಬೀನು, ಅಂದರೆ 3-9x40 ಸ್ಕೋಪು 350 ಗ್ರಾಂ, ಅದನ್ನು ಕೂರಿಸುವ ಬಳೆಗಳು ನೂರು ಗ್ರಾಂ, ಹೆಗಲಪಟ್ಟಿ ನೂರು ಗ್ರಾಂ, ಮ್ಯಾಗಜೀನ್‌ನಲ್ಲಿ ಮೂರು ತೋಟಾ. ಎಲ್ಲ ಸೇರಿ 3.6 ಕಿಲೋ. ಇದೇ ರೈಫಲ್ ಮೇಲೆ ದಪ್ಪ ಗಾಜಿನ 800 ಗ್ರಾಂ ಸ್ಕೋಪು, ರೈಫಲ್ ಊರುವ ಮಡಚುವ ಕಾಲು, ಉದ್ದ ಸಪ್ರೆಸರ್ ಹಾಕಿಕೊಂಡು ಬರುವವರನ್ನು ನೋಡಿದ್ದೇನೆ. ಅಲ್ಲಿಗೆ 4.5 ಕಿಲೋ ಆಯಿತು. ಹಗುರದ ರೈಫಲ್ ಕೊಂಡು ಏನು ಬಂತು, ಅಲ್ವಾ?

ನಳಿಗೆ ಗಿಡ್ಡ ಮಾಡಿದ್ದರಿಂದ ಗುಂಡಿನ ವೇಗ ಸೆಕೆಂಡಿಗೆ ಸುಮಾರು 30 ಮೀಟರ್ ಕಡಿಮೆಯಾಯಿತು. ಮುನ್ನೂರು ಮೀಟರ್ ಒಳಗೆ ಹೊಡೆಯುವವರಿಗೆ ಅದೇನೂ ದೊಡ್ಡದಲ್ಲ. ಬದಲಿಗೆ ಸಿಕ್ಕಿದ್ದು ಜಾಸ್ತಿ. ಸಪ್ರೆಸರ್ ಹಾಕಿದ ಮೇಲೂ ಒಟ್ಟು ಉದ್ದ ಮೊದಲಿನಷ್ಟೇ ಇದೆ, ಮುಳ್ಳುಪೊದೆಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಕಿವಿಯೂ ಉಳಿಯಿತು, ಒದೆಯೂ ತಗ್ಗಿತು.

ಈ ಒದೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಂದೇ ತೋಟಾ ಹಾರಿಸಿದರೂ ರೈಫಲ್ ಹಗುರವಾದಷ್ಟೂ ಒದೆ ಬಲವಾಗುತ್ತದೆ. 3.6 ಕಿಲೋದಿಂದ 2.7ಕ್ಕೆ ಇಳಿಸಿದರೆ ಒದೆಯ ಶಕ್ತಿ ಮೂರನೇ ಒಂದು ಪಾಲು ಏರುತ್ತದೆ. ಭುಜ ನೋಯುವುದು ಸಣ್ಣ ವಿಷಯ. ಟ್ರಿಗರ್ ಎಳೆಯುವ ಹೊತ್ತಿಗೆ ಕಣ್ಣು ಮುಚ್ಚುವ, ಮೈ ಬಿಗಿಯುವ ಅಭ್ಯಾಸ ಅಂಟಿಕೊಳ್ಳುತ್ತದಲ್ಲ, ತೊಂದರೆ ಅದು. ಹಗುರದ ರೈಫಲ್‌ನಲ್ಲಿ ಮದ್ದು ಜಾಸ್ತಿಯಿರುವ ಮ್ಯಾಗ್ನಮ್ ತೋಟಾ ಬೇಡ ಎನ್ನುವುದು ಇದಕ್ಕೇ. ದೊಡ್ಡ ಗಂಡು ತಾರ್ 70 ಕಿಲೋ ದಾಟುತ್ತದೆ, ನಿಜ. ಆದರೂ ಎದೆಗೂಡಿಗೆ ಸರಿಯಾಗಿ ಬಿದ್ದ 140 ಗ್ರೇನ್, ಅಂದರೆ 9 ಗ್ರಾಂ ಗುಂಡು ಧಾರಾಳ ಸಾಕು.

ಹಗುರದ ರೈಫಲ್ ಕೈಯಲ್ಲಿ ನಿಲ್ಲುವುದೂ ಇಲ್ಲ. ಭಾರದ ರೈಫಲ್ ತನ್ನ ತೂಕಕ್ಕೆ ತಾನೇ ಕೂರುತ್ತದೆ. ಹಗುರದ್ದಕ್ಕೆ ನಿಮ್ಮ ಉಸಿರು, ನಾಡಿ, ಗಾಳಿ ಎಲ್ಲವೂ ತಾಗುತ್ತದೆ. ನಾನು ನಿಂತು ಹೊಡೆಯುವುದೇ ಇಲ್ಲ. ಮಲಗಿ, ಬೆನ್ನುಚೀಲದ ಮೇಲೆ ಮುಂಭಾಗ ಇಟ್ಟು, ಮಡಚಿದ ಜಾಕೆಟ್ಟನ್ನು ಸ್ಟಾಕ್‌ನ ಹಿಂಭಾಗದಡಿ ತುರುಕುತ್ತೇನೆ. ಎಡಗೈ ಮುಂಭಾಗವನ್ನು ಮೇಲಿಂದ ಚೀಲಕ್ಕೆ ಒತ್ತಿ ಹಿಡಿದಿರುತ್ತದೆ. ಭಾರದ ರೈಫಲ್‌ನಂತೆ ಸುಮ್ನೆ ಚೀಲದ ಮೇಲೆ ಬಿಟ್ಟರೆ ಇದು ಚಿಮ್ಮುತ್ತದೆ, ಗುಂಡು ಮೇಲಕ್ಕೆ ಹೋಗುತ್ತದೆ. ಅಭ್ಯಾಸದ ಮೈದಾನದಲ್ಲೂ ಮೇಜು ಕುರ್ಚಿ ಬಿಟ್ಟು ಹೀಗೇ ಮಲಗಿ ಹೊಡೆಯುತ್ತೇನೆ.

ನಳಿಗೆ ಬಿಸಿಯಾಗುವ ಮಾತು ಬಂದಾಗ ಒಬ್ಬ ಗೆಳೆಯನ ರೈಫಲ್ ನೆನಪಾಗುತ್ತದೆ. ಯಾವ ಕಂಪನಿಯದ್ದು ಎಂಬುದು ಬೇಡ. ಎತ್ತಿದರೆ ಗಾಳಿಯಷ್ಟು ಹಗುರ. ಮೊದಲ ಎರಡು ಗುಂಡು ಒಂದಕ್ಕೊಂದು ತಾಗುವಂತೆ ಬೀಳುತ್ತವೆ. ಮೂರನೆಯದು ಎರಡು ಬೆರಳು ಆಚೆ. ನಾಲ್ಕನೆಯದು ಇನ್ನೂ ಆಚೆ. ತೆಳು ನಳಿಗೆ ಬಿಸಿಯೇರಿದ ಹಾಗೆಲ್ಲ ಒಂದು ಕಡೆ ವಾಲುತ್ತದೆ. ಬೇಟೆಗೆ ಬೇಕಾಗುವುದು ತಣ್ಣನೆಯ ನಳಿಗೆಯ ಮೊದಲ ಗುಂಡು, ಅದು ಸರಿ. ಆದರೆ ಗುಂಡು ಬೀಳುವ ಜಾಗಕ್ಕೆ ಸ್ಕೋಪು ಹೊಂದಿಸಿ ಗುರಿ ಕೂರಿಸುವ ದಿನ ಆ ರೈಫಲ್ ಇಡೀ ಬೆಳಗ್ಗೆ ತಿಂದುಬಿಡುತ್ತದೆ. ನನ್ನದರಲ್ಲೂ ಮೂರು ಹೊಡೆದು, ನಳಿಗೆ ಕೈಗೆ ತಣ್ಣಗೆ ತಾಗುವವರೆಗೆ ಕಾಯುತ್ತೇನೆ. ನೂರು ಮೀಟರ್‌ಗೆ ಗುಂಡು ಐದು ಸೆಂ.ಮೀ. ಮೇಲೆ ಬೀಳುವಂತೆ ಇಟ್ಟರೆ ಇನ್ನೂರಕ್ಕೆ ಸರಿಯಾಗಿ ಬೀಳುತ್ತದೆ, ಮುನ್ನೂರಕ್ಕೆ ಸುಮಾರು 25 ಸೆಂ.ಮೀ. ಕೆಳಗೆ. ಸಪ್ರೆಸರ್ ಹಾಕಿಯೇ ಗುರಿ ಕೂರಿಸಬೇಕು. ತೆಗೆದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ.

ಹಾಪ್‌ಕಿನ್ಸ್‌ನಲ್ಲಿ ಜೂನ್ ತಿಂಗಳ ಒಂದು ಮಧ್ಯಾಹ್ನ. ಅದು ತಾರ್‌ಗಳ ಬೆದೆಯ ಕಾಲ, ಗಂಡಿನ ಕೇಸರ ಉದ್ದ ಬೆಳೆದು ಗಾಳಿಗೆ ಅಲೆಯಾಡುತ್ತದೆ. ಕೆಳಗಿನ ಬಂಡೆಯಂಚಿನಲ್ಲಿ ಒಂದು ಗಂಡು ನಿಂತಿತ್ತು. ದೂರಮಾಪಕದಲ್ಲಿ 240 ಮೀಟರ್, ಇಳಿಜಾರು 35 ಡಿಗ್ರಿ. ಇಂಥ ಕಡೆ 240ಕ್ಕೆಂದು ಮೇಲೆ ಹಿಡಿದರೆ ಗುಂಡು ಬೆನ್ನ ಮೇಲೆ ಹಾರಿಹೋಗುತ್ತದೆ. ಗುಂಡು ಎಷ್ಟು ಇಳಿಯುತ್ತದೆ ಎನ್ನುವುದು ನೆಲಕ್ಕೆ ಸಮನಾದ ದೂರದ ಲೆಕ್ಕ. ಅದು ಇಲ್ಲಿ 197 ಮೀಟರ್. ಅಂದರೆ ನೇರ ಹಿಡಿದರೆ ಸಾಕು. ಹೊಡೆಯಲಿಲ್ಲ. ಅಲ್ಲಿ ಬಿದ್ದರೆ ಉರುಳಿ ಪ್ರಪಾತ ಸೇರುತ್ತದೆ, ತರುವ ದಾರಿಯಿಲ್ಲ. ಬೆರಳು ಮರಗಟ್ಟುವಷ್ಟು ಹೊತ್ತು ಕಾದ ಮೇಲೆ ಅದು ಹುಲ್ಲಿನ ಸಮತಟ್ಟು ಜಾಗಕ್ಕೆ ಬಂದು ಅಡ್ಡ ತಿರುಗಿತು. ಉಸಿರು ಅರ್ಧ ಬಿಟ್ಟು ಟ್ರಿಗರ್ ಎಳೆದೆ. ತಕ್ಷಣ ಬೋಲ್ಟ್ ಎತ್ತಿದೆ. ಟಿಕ್ಕಾದಲ್ಲಿ ಹಿಡಿ 70 ಡಿಗ್ರಿ ಎತ್ತಿದರೆ ಸಾಕು, ದಪ್ಪ ಕೈಗವಸಿನ ಗೆಣ್ಣು ಸ್ಕೋಪಿಗೆ ತಾಗುವುದಿಲ್ಲ. ಎರಡನೆಯ ತೋಟಾ ಒಳಗೆ ಹೋಗುವಷ್ಟರಲ್ಲಿ ಗಂಡು ನಿಂತಲ್ಲೇ ಮಡಚಿ ಬಿದ್ದಿತ್ತು. ಹಿಂಗಾಲು, ಬೆನ್ನಿನ ಮಾಂಸ ಕಳಚಿ ಚೀಲಕ್ಕೆ ತುಂಬಿದಾಗ ಬೆನ್ನ ಮೇಲೆ 20 ಕಿಲೋ ಜಾಸ್ತಿಯಾಯಿತು. ಕತ್ತಲಲ್ಲಿ ಕಲ್ಲುರಾಶಿ ಇಳಿಯುವಾಗ ರೈಫಲ್ ಹಗುರವಾಗಿದ್ದದ್ದು ಎಷ್ಟು ಒಳ್ಳೆಯದಾಯಿತು ಎಂದು ಹೆಜ್ಜೆ ಹೆಜ್ಜೆಗೂ ಅನ್ನಿಸಿತು.

ನಿಗಾ ಇಡುವ ವಿಷಯದಲ್ಲಿ ಒಂದು ಮಾತು. ಸಂಜೆ ಗುಡಿಸಲಿಗೆ ಬಂದ ಕೂಡಲೇ ಸಪ್ರೆಸರ್ ಬಿಚ್ಚಿ ನೇತುಹಾಕಿ. ಒಳಗಿನ ಮಸಿ, ತೇವ ಸೇರಿ ನಳಿಗೆಯ ತುದಿಯನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಆದರೂ ಅಷ್ಟೇ, ತುಕ್ಕು ತಡವಾಗಿ ಬರುತ್ತದೆ ಹೊರತು ಬರುವುದೇ ಇಲ್ಲ ಅಂತಿಲ್ಲ. ಬೆಳಗ್ಗೆ ಹೊರಡುವ ಮುನ್ನ ಮರೆಗೆ ಚೂರು ಗ್ರೀಸ್ ಸವರಿ, ಪೂರ್ತಿ ಬಿಗಿಯಾಗುವವರೆಗೆ ತಿರುಗಿಸಿ.

ಕಾರ್ಬನ್ ಫೈಬರ್ ಸ್ಟಾಕ್ ಹಾಕಿಸಿದರೆ ಇನ್ನೂ ಒಂದಿಷ್ಟು ಗ್ರಾಂ ಇಳಿಯುತ್ತದೆ. ವಿಚಾರಿಸಿ ನೋಡಿದೆ. ಆ ದುಡ್ಡಿಗೆ ವರ್ಷಪೂರ್ತಿ ಅಭ್ಯಾಸಕ್ಕೆ ಆಗುವಷ್ಟು ತೋಟಾ ಬರುತ್ತವೆ. ನಾನು ತೋಟಾ ಕೊಂಡೆ.